ದೊಡ್ಡವ್ವ ಹಚ್ಚಿದ ಪಾಳಿ

ಆಕೆಯ ಬಲಗಿವಿಯ ಹಾಲೆ ಎರಡಾಗಿ ಸೀಳಿತ್ತು. ಸೀಳಿದ ತುಂಡುಗಳು ಒಣಗಿದ ಹುಣಸೆಸಿಪ್ಪೆಯಂತೆ ಜೋತುಬಿದ್ದು, ಆಕೆ ಕೂಗಿದಾಗಲೆಲ್ಲ ಅಲುಗುತ್ತಿದ್ದವು. ಹಿಂದೆ ಯಾವಾಗಲೋ ಹರಿಗೋಲು ಹತ್ತುವ ಗದ್ದಲದಲ್ಲಿ ಒಬ್ಬ ಹೆಂಗಸು ಆಕೆಯ ಬೆಂಡೋಲೆಗೆ ಕೈಹಾಕಿ ಜಗ್ಗಿದ್ದಳಂತೆ. "ನನ್ನ ವಾಲಿ ಅಕಿ ಕೈಗೆ ಹೋತು, ಅಕಿ ಎರಡು ಹಲ್ಲು ನನ್ನ ಕೈಗೆ ಬಂದ್ವು" ಎಂದು ಹೇಳಿ ಆ ಕಥೆಯನ್ನು ಅಲ್ಲಿಗೇ ಮುಗಿಸುತ್ತಿದ್ದಳು.

ಆನೆಗೊಂದಿಯ ಕೆಳಗೆ ತುಂಗಭದ್ರೆಯನ್ನು ದಾಟುವ ಕಡವಿನಲ್ಲಿ ಆಕೆ ಅಂಬಿಗರ ಯಜಮಾನತಿ. ಹೊಳೆಯ ಎರಡೂ ದಂಡೆಯವರು ಆಕೆಯನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದರು. ನನ್ನ ತವರು ತೆಂಕಣ ದಂಡೆಯಾಚೆಯ ಒಂದು ಹಳ್ಳಿ. ಅದು ಆಗ ಇಂಗ್ಲಿಷರ ಸೀಮೆ. ನನ್ನನ್ನು ಕೊಟ್ಟದ್ದು ಗಂಗಾವತಿಯ ಕಾಳಿನ ವ್ಯಾಪಾರಿಯ ಮನೆಗೆ. ಅದು ನಿಜಾಮರ ಸೀಮೆ. ಮೂವತ್ತರ ದಶಕದ ನಡುವೆ ಸೊಸೆಯಾಗಿ ಬಂದವಳು ಹಬ್ಬಕ್ಕೆ, ಬಾಣಂತನಕ್ಕೆ, ಸಾವುನೋವಿಗೆ ಎಂದು ಎಷ್ಟು ಸಲ ಆ ಹೊಳೆ ದಾಟಿದೆನೋ. ಪ್ರತಿ ಸಲವೂ ಆಕೆಯ ಕಣ್ಣ ಮುಂದೆಯೇ ದಾಟಿದೆ.

ಮೊದಲು ಕಂಡದ್ದು ಮದುವೆಯಾದ ವರ್ಷ, ಪಂಚಮಿಗೆ ತವರಿಗೆ ಹೊರಟಾಗ. ಜೊತೆಗೆ ಮಾವನವರಿದ್ದರು. ದಂಡೆಯ ಮೇಲೆ ನನ್ನಂಥ ಸೊಸೆಯರು, ಕರೆಯಲು ಬಂದ ಅಣ್ಣತಮ್ಮಂದಿರು, ಉಂಡಿಯ ಬುಟ್ಟಿಗಳು, ಕೂಸುಗಳು, ಎರಡು ಆಡು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಮಾವನವರು ಜರಿಯ ರುಮಾಲು ಸರಿಮಾಡಿಕೊಂಡು, ಬೆತ್ತ ಊರುತ್ತ ಸಾಲಿನ ಪಕ್ಕದಿಂದ ನೆಟ್ಟಗೆ ನೀರಿನ ಕಡೆ ನಡೆದರು. ಹಿಂದೆ ನಾನು.

ಟಪ್ಪೆಂದು ಸದ್ದಾಯಿತು. ಹರಿಗೋಲಿನ ಹುಟ್ಟು ಮಾವನವರ ಮೊಣಕಾಲಿನ ಕೆಳಗಿನ ಎಲುಬಿಗೆ ಬಿದ್ದಿತ್ತು.

"ಯಾರಂತ ತಿಳಿದಿ ನನ್ನ?" ಮಾವನವರು ಅಬ್ಬರಿಸಿದರು.

"ಪಾಳಿ ಮುರದಾವಂತ ತಿಳಿದೀನಿ. ಹಿಂದಕ್ಕ ನಡೀರಿ," ಎಂದಳು ದೊಡ್ಡವ್ವ.

"ಗಂಗಾವತಿ ಪ್ಯಾಟ್ಯಾಗ ಅಂಗಡಿ ಐತಿ ನಂದು."

"ಅಂಗಡ್ಯಾಗ ನೀವು ಸಾವ್ಕಾರ್ರು. ಇದು ಹೊಳಿ."

ಮಾವನವರು ಬೆತ್ತ ಎತ್ತಿದರು. ಎತ್ತಿದ ಮಣಿಕಟ್ಟಿಗೇ ಎರಡನೆಯ ಏಟು ಬಿತ್ತು. ಬೆತ್ತ ನೀರಿಗೆ ಬಿದ್ದು ತೇಲಿಹೋಯಿತು. ಗಂಗಾವತಿಯಲ್ಲಿ ಅವರೆದುರು ಯಾರೂ ದನಿ ಎತ್ತುತ್ತಿರಲಿಲ್ಲ. ಆ ಮನುಷ್ಯ ಕುಂಟುತ್ತ ಹೋಗಿ ಆಡುಗಳ ಹಿಂದೆ ನಿಂತರು. ನಾನು ಸೆರಗಿನೊಳಗೆ ನಕ್ಕದ್ದು ಅವರಿಗೆ ತಿಳಿಯಿತು. ನಮ್ಮೂರು ಮುಟ್ಟುವವರೆಗೂ ನನ್ನೊಂದಿಗೆ ಮಾತಾಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಆಕೆ ಸಾಲಿನ ಉದ್ದಕ್ಕೂ ನಡೆದುಬಂದಳು. ಪ್ರತಿಯೊಬ್ಬರ ಹತ್ತಿರ ನಿಂತು ಏನೋ ಹೇಳಿ ಮುಂದೆ ಹೋಗುತ್ತಿದ್ದಳು. ನನ್ನ ಹತ್ತಿರ ಬಂದು, ಗದರಿದ ಬಾಯಿ ಇದಲ್ಲವೇನೋ ಎಂಬಂಥ ದನಿಯಲ್ಲಿ, "ತವರಿಗೇನು ತಂಗಿ? ಆ ಬಂಡಿ ನೆಳ್ಳು ಈ ಹಾಸಗಲ್ಲು ಮುಟ್ಟಿದಾಗ ನಿನ್ನ ಪಾಳಿ ಬರ್ತೈತಿ. ಅಲ್ಲಿತನಕ ಕುಂತು ಉಂಡಿ ತಿನ್ನು" ಎಂದಳು. ನಾನು ಬಂಡೆಯ ನೆರಳನ್ನೇ ನೋಡುತ್ತ ಕುಳಿತೆ. ನೆರಳು ಕಲ್ಲು ಮುಟ್ಟುವ ಹೊತ್ತಿಗೆ ಹರಿಗೋಲು ನಮ್ಮ ಮುಂದಿತ್ತು.

ಆಮೇಲೊಮ್ಮೆ ಧೈರ್ಯ ಮಾಡಿ ಕೇಳಿದೆ: ಒಬ್ಬೊಬ್ಬರಿಗೂ ಹಾಗೆ ಯಾಕೆ ಹೇಳುತ್ತೀ?

"ಕಾಯೋದು ಯಾರಿಗೂ ತ್ರಾಸಲ್ಲ ತಂಗಿ. ಎಷ್ಟೊತ್ತು ಅಂತ ಗೊತ್ತಿಲ್ದ ಕಾಯೋದೈತಲ್ಲ, ಅದು ಕೈಯಾಗ ಕಲ್ಲು ತಗಸ್ತೈತಿ."

ಕಲ್ಲಿನ ಮಾತನ್ನು ಆಕೆ ಸುಮ್ಮನೆ ಆಡಿರಲಿಲ್ಲ. ಆಕೆಯ ಗಂಡ ಸತ್ತದ್ದೇ ಹಾಗೆ. ಆತನ ಕಾಲದಲ್ಲಿ ಆ ಕಡವಿನಲ್ಲಿ ಪಾಳಿ ಇರಲಿಲ್ಲ. ಪ್ರತಿ ಹರಿಗೋಲಿನ ಮುಂದೆ ಒಂದೊಂದು ಗುಂಪು. ಒಂದು ಹರಿಗೋಲಿಗೆ ಕುರಿ ಹತ್ತಿಸುವುದು ತಡವಾದರೆ ಅಲ್ಲಿಯ ಜನ ಪಕ್ಕದ ಗುಂಪಿಗೆ ನುಗ್ಗುತ್ತಿದ್ದರು. ಮುಂಜಾನೆ ಬಂದವರು ಸಂಜೆಗೂ ನಿಂತಿರುತ್ತಿದ್ದರು, ಈಗ ಬಂದವರು ದಾಟಿ ಹೋಗುತ್ತಿದ್ದರು. ಒಂದು ಸಂತೆಯ ದಿನ ಎರಡು ಊರಿನವರು ಹೀಗೆ ಕೈಕೈ ಹತ್ತಿದಾಗ ಆತ ಬಿಡಿಸಲು ನಡುವೆ ಹೋದ. ಯಾರೋ ಎಸೆದ ಕಲ್ಲು ಕಿವಿಯ ಮೇಲೆ ತಾಗಿತು. ದೊಡ್ಡವ್ವ ಓಡಿಬರುವ ಹೊತ್ತಿಗೆ ಅವನ ಮೈಮೇಲೆ ಕಾಲಿಟ್ಟು ಜನ ಹರಿಗೋಲು ಹತ್ತುತ್ತಿದ್ದರು.

ದಿನಕರ್ಮ ಮುಗಿದ ಮರುದಿನ ಆಕೆ ಗಂಡನ ಹುಟ್ಟು ಹಿಡಿದು ದಂಡೆಗೆ ಬಂದು ನಿಂತಳು. ಹರಿಗೋಲು ಎಷ್ಟೇ ಇರಲಿ, ಪಾಳಿ ಒಂದೇ. ಯಾವುದು ಮೊದಲು ಖಾಲಿಯಾಗುತ್ತದೋ ಪಾಳಿಯ ಮುಂದಿನವರು ಅದಕ್ಕೆ. ಒಪ್ಪದವರಿಗೆ ಹುಟ್ಟಿನ ಏಟು. ಮೊದಲ ತಿಂಗಳು ಅಲ್ಲಿ ರಕ್ತ ಕಾಣದ ದಿನವಿರಲಿಲ್ಲ ಎಂದು ಹಳಬರು ಹೇಳುತ್ತಿದ್ದರು. ಕಿವಿ ಹರಿದದ್ದೂ ಆಗಲೇ. ಆಮೇಲೆ ಜನ ತಾವಾಗಿಯೇ ಸಾಲಿನಲ್ಲಿ ನಿಲ್ಲತೊಡಗಿದರು.

ಇನ್ನೊಂದು ಕಟ್ಟಳೆಯನ್ನೂ ಆಕೆ ಬಿಡುತ್ತಿರಲಿಲ್ಲ. ಎಂಥ ಸಂತೆಯೇ ಇರಲಿ, ಒಂದು ಹರಿಗೋಲು ದಂಡೆಯ ಮೇಲೆ ಬೋರಲಾಗಿ ಬಿದ್ದಿರಬೇಕು, ಇಬ್ಬರು ಅಂಬಿಗರು ಅದರ ನೆರಳಿನಲ್ಲಿ ಮಲಗಿರಬೇಕು. ಕಡವನ್ನು ಗುತ್ತಿಗೆ ಹಿಡಿದಿದ್ದ ಗುತ್ತೇದಾರನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ.

"ಜನಾ ಪಾಳಿ ಹಚ್ಚಿ ನಿಂತಾರ, ಅದ್ಯಾಕ ಬೋರಲ ಬಿದ್ದೈತಿ? ಅದಕ್ಕೇನು ಬಾಣಂತನ ಮಾಡಾಕತ್ತೀಯೇನು?" ಎಂದು ಆತ ನನ್ನೆದುರೇ ಒಮ್ಮೆ ಕೇಳಿದ್ದ.

"ಜನಾ ಇರಿವಿಯಂಗ ಒಬ್ಬರ ಹಿಂದ ಒಬ್ರು ಬರಂಗಿಲ್ರಿ," ಎಂದಳು ದೊಡ್ಡವ್ವ. "ಮುಂಜಾನಿಂದ ಒಂದು ನಾಯಿ ಸೈತ ಇರಂಗಿಲ್ಲ, ಒಮ್ಮಿಗೆ ದಿಬ್ಬಣಾನ ಬಂದು ನಿಂದರತೈತಿ. ಎಲ್ಲಾ ಹರಗೋಲು ನೀರಾಗ ಬಿಟ್ಟು ಕುಂತ್ರ ಆವಾಗ ಏನ ಮಾಡ್ಲಿ? ಒಂದು ಕಡೆ ತಡಾ ಆತಂದ್ರ ಪಾಳಿ ಬೆಳೀತೈತಿ. ಬೆಳೆದ ಪಾಳಿ ಆ ದಿನಾ ಕರಗಂಗಿಲ್ಲ."

ಗುತ್ತೇದಾರ ಕೇಳಲಿಲ್ಲ. ನೆಂಟರೊಬ್ಬರು ಸತ್ತು, ಆಕೆ ಮಣ್ಣಿಗೆಂದು ಹುಲಿಹೈದರಕ್ಕೆ ಹೋದ ದಿನ ನೋಡಿ ಎಲ್ಲ ಹರಿಗೋಲುಗಳನ್ನೂ ನೀರಿಗೆ ಬಿಡಿಸಿದ. ಮಧ್ಯಾಹ್ನದವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಹರಿಗೋಲಿನ ತೊಗಲು ಕಲ್ಲಿಗೆ ತಾಗಿ ಹರಿಯಿತು. ಅದೇ ಹೊತ್ತಿಗೆ ಒಂದು ದಿಬ್ಬಣ ಬಂತು, ಹಿಂದೆಯೇ ಕೊಯ್ಲಿನ ಆಳುಗಳು ಬಂದರು. ಹುಟ್ಟು ಹಾಕಿ ಹಾಕಿ ಅಂಬಿಗರ ರಟ್ಟೆ ಬಿದ್ದುಹೋಗಿತ್ತು. ಪಾಳಿ ಮಾವಿನ ತೋಪಿನವರೆಗೆ ಬೆಳೆಯಿತು. ಹೊತ್ತು ಇಳಿಯತೊಡಗಿದಾಗ ಆಳುಗಳ ಕೈಯಲ್ಲಿದ್ದ ಕುಡುಗೋಲು ಮಾತಾಡಿದವು. ದೊಡ್ಡವ್ವನ ಮೈದುನನ ಮಗ, ಇಪ್ಪತ್ತರ ಅಂಬಿಗ, ಅಂದು ಒಂದು ಕಣ್ಣು ಕಳೆದುಕೊಂಡ.

ಮರುದಿನ ಆಕೆ ಬಂದಳು. ಗುತ್ತೇದಾರನ ಕೊರಳಪಟ್ಟಿ ಹಿಡಿದು ಉಸುಕಿನ ಮೇಲೆ ಎಳೆದು ತಂದು, ರಕ್ತ ಹೆಪ್ಪುಗಟ್ಟಿದ ಜಾಗದಲ್ಲಿ ಮುಖ ಒತ್ತಿ, "ಒರಸು. ನಿನ್ನ ಧೋತರದಾಗ ಒರಸು" ಎಂದಳು. ಆತ ಒರೆಸುವವರೆಗೂ ಕುತ್ತಿಗೆಯ ಮೇಲಿನ ಕೈ ತೆಗೆಯಲಿಲ್ಲ. ಬೋರಲು ಹರಿಗೋಲಿನ ಸುದ್ದಿಗೆ ಆಮೇಲೆ ಯಾರೂ ಹೋಗಲಿಲ್ಲ.

ನನಗೆ ಆಕೆಯ ಮೇಲೆ ಪ್ರೀತಿಯಿತ್ತು ಎಂದರೆ ಪೂರ್ತಿ ನಿಜವಾಗದು. ಅಂಜಿಕೆಯೂ ಇತ್ತು. ಬಹಳ ವರ್ಷ ನನಗೆ ಮಕ್ಕಳಾಗಲಿಲ್ಲ. ಹಬ್ಬಕ್ಕೆ ದಾಟುವಾಗ ಉಳಿದ ಹೆಂಗಸರು ನನ್ನ ಬರಿಯ ಮಡಿಲು ನೋಡಿ ಗುಸುಗುಸು ಮಾಡುತ್ತಿದ್ದರು. ಒಮ್ಮೆ ಆಕೆ ಅದನ್ನು ಕೇಳಿಸಿಕೊಂಡು ಅವರನ್ನೆಲ್ಲ ಪಾಳಿಯ ಕೊನೆಗೆ ಅಟ್ಟಿದಳು. "ಬಾಯಿ ಭಾರ ಆಗೈತಿ, ಹರಗೋಲು ಮುಳಗತೈತಿ" ಎಂದಳು, ಅಷ್ಟೆ. ಸಮಾಧಾನದ ಮಾತೊಂದನ್ನೂ ನನಗೆ ಹೇಳಲಿಲ್ಲ.

ನಲವತ್ತೆಂಟರ ಮಳೆಗಾಲದ ಹೊತ್ತಿಗೆ ನನ್ನ ಮಡಿಲಲ್ಲಿ ಮೊಲೆ ಬಿಡದ ಹೆಣ್ಣುಕೂಸಿತ್ತು. ಮಾವನವರು ಕಾಯಿಲೆಯಲ್ಲಿ ತೀರಿಹೋಗಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಸೀಮೆಗೆ ಬಂದಿರಲಿಲ್ಲ. ನಿಜಾಮರ ಪರವಾಗಿ ಬಂದೂಕು ಹಿಡಿದ ಗುಂಪುಗಳು ಊರುಗಳಿಗೆ ನುಗ್ಗಿ ಕಣಜ ಸುಡುತ್ತಿದ್ದವು, ಗಂಡಸರನ್ನು ಮರಕ್ಕೆ ಕಟ್ಟಿ ಹೊಡೆಯುತ್ತಿದ್ದವು. ನನ್ನ ಗಂಡ ಆ ದಂಡೆಯಲ್ಲಿದ್ದ ಹೋರಾಟಗಾರರ ಶಿಬಿರ ಸೇರಿದ್ದರು. ಅವರು ಮನೆಯಲ್ಲಿಲ್ಲ ಎಂದು ಬಂದೂಕಿನವರಿಗೆ ತಿಳಿದ ಮೇಲೆ ನಮ್ಮ ಮನೆಯೂ ಉಳಿಯುವುದಿಲ್ಲ ಎಂದು ಅತ್ತೆಗೆ ಗೊತ್ತಾಯಿತು. ಒಂದು ಮುಂಜಾನೆ ಪಕ್ಕದ ಹಳ್ಳಿಯ ಕಡೆಯಿಂದ ಹೊಗೆ ಎದ್ದಿತು. ನಾನು, ಅತ್ತೆ, ಕೂಸು ಬಂಡಿ ಹೂಡಿಸಿಕೊಂಡು ಹೊಳೆಯ ದಾರಿ ಹಿಡಿದೆವು. ದಾರಿಯಲ್ಲಿ ಗದ್ದೆಯ ಬದುವಿನ ಮೇಲೆ ಒಬ್ಬ ಮುದುಕ ಬೋರಲು ಬಿದ್ದಿದ್ದ. ಬೆನ್ನಿನ ಮೇಲೆ ನೊಣಗಳು. ಅತ್ತೆ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು.

ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಹರಿಗೋಲು ಆಚೆ ಮುಟ್ಟುವ ಹೊತ್ತಿಗೆ ಬಹಳ ಕೆಳಗೆ ಹೋಗಿರುತ್ತಿತ್ತು. ಅದನ್ನು ತಲೆಯ ಮೇಲೆ ಹೊತ್ತು ಮೇಲಕ್ಕೆ ತಂದು ಮತ್ತೆ ಈಚೆಗೆ ಬರಬೇಕಿತ್ತು. ಆದರೂ ಪಾಳಿ ಇತ್ತು. ದೊಡ್ಡವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದೊಂದು ಹರಿಗೋಲಿಗೆ ಇಷ್ಟೇ ಜನ ಎಂದು ಹತ್ತಿಸುತ್ತಿದ್ದಳು. ಅಂಥ ಹೊತ್ತಿನಲ್ಲೂ ಇಬ್ಬರು ಅಂಬಿಗರು ಬೋರಲು ಹರಿಗೋಲಿನ ಕೆಳಗೆ ಮಲಗಿದ್ದರು.

"ಜೀವ ಹೋಗೋ ವ್ಯಾಳ್ಯಾದಾಗ ಇವ್ರಿಗೆ ನಿದ್ದಿ ಬೇಕೇನು? ಎಬ್ಬಸ!" ಎಂದು ಒಬ್ಬ ಗೌಡ ಕೂಗಿದ.

"ಅವ್ರು ಮಲಕ್ಕೊಂಡಾರಂತನ ನೀವು ದಾಟಾಕತ್ತೀರಿ," ಎಂದಳು ದೊಡ್ಡವ್ವ, ತಿರುಗಿಯೂ ನೋಡದೆ. "ರಟ್ಟಿ ಬಿದ್ದಾವ್ರು ಬರ್ತಾರ, ಇವ್ರು ಏಳ್ತಾರ. ಎಲ್ಲಾರ ರಟ್ಟಿ ಕೂಡೇ ಬಿದ್ರ ನಡು ಹೊಳ್ಯಾಗ ನಿನ್ನ ಯಾರು ಹಿಡೀತಾರ?"

ಬಿಸಿಲೇರುವಾಗ ಬಂಡೆಗಳ ಹಿಂದಿನಿಂದ ಗುಂಡಿನ ಸದ್ದು ಕೇಳಿತು. ಒಂದು, ಆಮೇಲೆ ಒಟ್ಟೊಟ್ಟಿಗೆ ಹಲವು. ಪಾಳಿ ಒಡೆಯಿತು. ಗೌಡ ಮತ್ತು ಅವನ ಹಿಂದಿನವರೆಲ್ಲ ಕೆಳಗಿನ ಹರಿಗೋಲಿಗೆ ಧುಮುಕಿದರು. ಅಂಬಿಗನನ್ನೇ ನೂಕಿ ನೀರಿಗೆ ಕೆಡವಿ, ಒಬ್ಬರ ಮೇಲೊಬ್ಬರು ಹತ್ತಿದರು. ಹರಿಗೋಲು ಗರಗರ ತಿರುಗುತ್ತ ನಡುಹೊಳೆಗೆ ಹೋಗಿ, ಒಂದು ಬದಿಗೆ ವಾಲಿ, ಮಗುಚಿತು. ಸ್ವಲ್ಪ ಹೊತ್ತು ಕೈಗಳು ಕಂಡವು. ಒಂದು ಕೆಂಪು ರುಮಾಲು ಬಿಚ್ಚಿ ಉದ್ದಕ್ಕೆ ಹರಿದುಹೋಯಿತು. ಆಮೇಲೆ ನೀರು ಮೊದಲಿನಂತಾಯಿತು.

ದಂಡೆಯಲ್ಲಿ ಒಂದೇ ಚೀರಾಟ. ದೊಡ್ಡವ್ವ ಹೊಳೆಯ ಕಡೆ ನೋಡಲೇ ಇಲ್ಲ. ಹುಟ್ಟು ಎತ್ತಿ ಜನರ ಮೇಲೆ ಬಿದ್ದಳು. ಹೆಗಲು, ಬೆನ್ನು, ತಲೆ ಎಂದು ನೋಡದೆ ಬಡಿದಳು. ಒಬ್ಬಳ ಹುಬ್ಬು ಒಡೆದು ರಕ್ತ ಸೋರಿತು. ನನ್ನ ತೋಳಿಗೂ ಒಂದು ಬಿತ್ತು.

"ಕುಂದರ್ರಿ! ಕುಂತಾವ್ರಿಗಷ್ಟ ಪಾಳಿ! ನಿಂತಾವ್ರಿಗೆ ಹೊಳಿ!"

ಜನ ಕುಳಿತರು. ಆಗ ನನಗೆ ತಿಳಿಯಲಿಲ್ಲ, ಈಗ ತಿಳಿಯುತ್ತದೆ: ನೆಲಕ್ಕೆ ಕುಳಿತವನು ಥಟ್ಟನೆ ನುಗ್ಗಲಾರ. ಗುಂಡಿನ ಸದ್ದು ಹತ್ತಿರವಾಗುತ್ತಲೇ ಇತ್ತು. ನಾವು ಉಸುಕಿನ ಮೇಲೆ ಕುಂಡಿ ಸರಿಸುತ್ತ ಸರಿಸುತ್ತ ಮುಂದೆ ಹೋದೆವು. ಎದ್ದರೆ ಹೊಡೆತ, ಕುಳಿತರೆ ಸಾವಿನ ಭಯ. ಹೊಡೆತದ ಭಯವೇ ಗೆದ್ದಿತು.

ನಮ್ಮ ಪಾಳಿ ಬಂತು. ಅತ್ತೆ ಹತ್ತಿದಳು, ಕೂಸನ್ನು ಎದೆಗೆ ಅವಚಿಕೊಂಡು ನಾನು ಹತ್ತಿದೆ. ಹರಿಗೋಲು ತುಂಬಿತು. ದೊಡ್ಡವ್ವ ಅದನ್ನು ನೀರಿಗೆ ನೂಕುತ್ತಿದ್ದಾಗ ಹಿಂದಿನಿಂದ ಒಬ್ಬ ತರುಣ ನೀರಿಗೆ ಹಾರಿ ಬಂದ. ಎದೆಮಟ್ಟದ ನೀರಿನಲ್ಲಿ ನಿಂತು ಎರಡೂ ಕೈಯಿಂದ ಹರಿಗೋಲಿನ ಅಂಚು ಹಿಡಿದ. ಅಂಚು ಅವನ ಭಾರಕ್ಕೆ ಬಾಗಿ ಕೆಂಪು ನೀರು ಒಳಕ್ಕೆ ಸುರಿಯಿತು.

"ಬಿಡಪಾ. ಮುಂದಿನದ್ರಾಗ ಬರ್ತಿ," ಎಂದಳು ದೊಡ್ಡವ್ವ. ದನಿ ಮೆತ್ತಗಿತ್ತು.

"ಯವ್ವಾ, ನನ್ನ ಹೆಸರು ಹಿಡಿದು ಹುಡುಕ್ಯಾಡಾಕತ್ತಾರ. ಸಿಕ್ರ ಸುಡ್ತಾರ ಯವ್ವಾ. ಒಬ್ಬಾಂವ, ನಾ ಒಬ್ಬಾಂವ."

"ಬಿಡು."

ಅವನು ಬಿಡಲಿಲ್ಲ. ಮೊಣಕೈ ಊರಿ ಮೇಲೇರಲು ನೋಡಿದ. ಹರಿಗೋಲು ಇನ್ನಷ್ಟು ವಾಲಿತು; ಅತ್ತೆ ನನ್ನ ಮೇಲೆ ಬಿದ್ದಳು; ನೀರು ನನ್ನ ಮಡಿಲಿಗೆ, ಕೂಸಿನ ಬೆನ್ನಿಗೆ ಬಂತು. ದೊಡ್ಡವ್ವ ಅವನ ಬೆರಳುಗಳ ಮೇಲೆ ಹೊಡೆದಳು. ಬೆರಳು ಒಡೆದವು, ಹಿಡಿತ ಬಿಡಲಿಲ್ಲ. ಆಗ ತಲೆಗೆ ಹೊಡೆದಳು. ಆ ಸದ್ದು ಮಾವನವರ ಕಾಲಿಗೆ ಬಿದ್ದ ಏಟಿನಂತಿರಲಿಲ್ಲ. ಅವನ ಮುಖ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಕಣ್ಣು ತೆರೆದೇ ಇದ್ದವು. ಕೈ ಜಾರಿತು, ಸೆಳವು ಅವನನ್ನು ಒಯ್ದಿತು.

"ಹುಟ್ಟು ಹಾಕೋ!" ಎಂದು ಆಕೆ ನಮ್ಮ ಅಂಬಿಗನಿಗೆ ಅರಚಿದಳು.

ನಾವು ದಾಟಿದೆವು. ಹಿಂದೆ ಉಳಿದವರ ಕಥೆಯನ್ನು ಆಮೇಲೆ ಅಂಬಿಗರು ಹೇಳಿದರು. ಬಂದೂಕಿನವರು ಸುಂಕದ ನಾಕಾದ ಹತ್ತಿರ ಬರುವ ಹೊತ್ತಿಗೆ ದಂಡೆಯಲ್ಲಿ ಒಂದು ಹರಿಗೋಲಿನಷ್ಟು ಜನ ಉಳಿದಿದ್ದರಂತೆ. ಮಲಗಿ ಎದ್ದ ಇಬ್ಬರು ಅವರನ್ನು ಹತ್ತಿಸಿಕೊಂಡರು. ಕೊನೆಗೆ ಹತ್ತಿದ ದೊಡ್ಡವ್ವನ ಹೆಗಲಿಗೆ ಗುಂಡು ತಾಗಿತು. ಶಿಬಿರದಲ್ಲಿ ಗುಂಡು ತೆಗೆದರು. ಹೆಂಗಸರು ಬಂದು ಕಾಲು ಮುಟ್ಟುತ್ತಿದ್ದರೆ ಆಕೆ ಕಾಲು ಎಳೆದುಕೊಳ್ಳುತ್ತಿದ್ದಳು.

ನನ್ನನ್ನು ಕಂಡು ಕೇಳಿದ್ದು ಎರಡೇ ಮಾತು.

"ಕೂಸು ನೀರು ಕುಡೀತೇನು?"

"ಇಲ್ಲ ದೊಡ್ಡವ್ವ. ಆರಾಮ ಐತಿ."

"ಆ ಹುಡುಗನ್ನ ಎಲ್ಲೆರ ಯಾರೆರ ನೋಡ್ಯಾರೇನು?"

ಯಾರೂ ನೋಡಿರಲಿಲ್ಲ. ಶಿಬಿರಕ್ಕೆ ಹೊಸಬರು ಬಂದಾಗಲೆಲ್ಲ ಆಕೆ ಎದ್ದು ಹೋಗಿ ಅದನ್ನೇ ಕೇಳುತ್ತಿದ್ದಳು.

ಗಲಾಟೆ ಅಡಗಿ, ನಾವು ಗಂಗಾವತಿಗೆ ಮರಳಿ, ಚಳಿಗಾಲ ಬಂತು. ಸಂಕ್ರಾಂತಿಗೆ ತವರಿಗೆ ಹೊರಟು ನಾನು ಪಾಳಿಯಲ್ಲಿ ಕುಳಿತಿದ್ದಾಗ ಒಬ್ಬ ತಾಯಿ, ಅವಳ ಮಗ ದಂಡೆಗೆ ಬಂದರು. ತಾವರಗೇರಾ ಕಡೆಯವರು. ಮಗ ನೆಟ್ಟಗೆ ದೊಡ್ಡವ್ವನ ಮುಂದೆ ನಿಂತ.

"ನನ್ನ ತಮ್ಮಗ ಹೊಡೆದಾಕಿ ನೀನ ಏನು?"

"ನಾನ," ಎಂದಳು ದೊಡ್ಡವ್ವ.

ಅವನು ಆಕೆಯ ಕೈಯಿಂದ ಹುಟ್ಟು ಕಿತ್ತುಕೊಂಡು ಬೀಸಿದ. ಮೊದಲ ಏಟು ಗಾಯದ ಹೆಗಲಿಗೆ, ಎರಡನೆಯದು ಬಾಯಿಗೆ. ಆಕೆ ಮಂಡಿಯೂರಿ ಕುಸಿದಳು. ಒಕ್ಕಣ್ಣಿನ ಅಂಬಿಗ ಕಲ್ಲು ಎತ್ತಿಕೊಂಡು ಓಡಿಬಂದ, ಉಳಿದವರೂ ಬಂದರು.

"ಯಾರೂ ಬರಬ್ಯಾಡ್ರಿ," ಎಂದಳು ಆಕೆ, ಬಾಯಿತುಂಬ ರಕ್ತ. "ಇದು ಅವಂದು. ಹೊಡೀಲಿ."

ಮೂರನೆಯ ಏಟಿಗೆ ಎತ್ತಿದ ಕೈಯನ್ನು ತಾಯಿ ಹಿಡಿದುಕೊಂಡಳು. ಮಗನನ್ನು ಹಿಂದಕ್ಕೆ ಸರಿಸಿ, ದೊಡ್ಡವ್ವನ ಎದುರಿಗೆ ಉಸುಕಿನ ಮೇಲೆ ಕುಳಿತಳು.

"ನನ್ನ ಮಗಾ ಕಡೀಕ ಏನಂದ?"

ದೊಡ್ಡವ್ವ ಅವನ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಯವ್ವಾ ಎಂದು ಕರೆದದ್ದನ್ನೂ ಹೇಳಿದಳು.

"ಯಾರನ್ನ ಉಳಸಾಕ ಅವನ್ನ ಹೊಡೆದಿ?"

"ಹರಗೋಲಿನಾಗ ಇದ್ದಾವ್ರನ್ನ."

ನಾನು ನಾಲ್ಕು ಮಾರು ದೂರದಲ್ಲಿದ್ದೆ. ಆಕೆ ನನ್ನ ಕಡೆ ಕಣ್ಣು ಸಹ ಹೊರಳಿಸಲಿಲ್ಲ. ನಾನೇ ಎದ್ದು ಹೋದೆ. ಬಗಲಲ್ಲಿ ಕೂಸಿತ್ತು. "ಅದರಾಗ ನಾ ಇದ್ದೆ ಯವ್ವಾ. ಈ ಕೂಸಿತ್ತು" ಎಂದೆ. ಅಣ್ಣನ ಕೈಯಲ್ಲಿ ಹುಟ್ಟು ಇನ್ನೂ ಇತ್ತು; ಅವನು ನನ್ನನ್ನು ದಿಟ್ಟಿಸಿದಾಗ ಕೂಸನ್ನು ಇನ್ನೊಂದು ಬಗಲಿಗೆ ಸರಿಸಿಕೊಂಡೆ. ತಾಯಿ ಬಹಳ ಹೊತ್ತು ಕೂಸನ್ನು ನೋಡಿದಳು. ಮುಟ್ಟಲಿಲ್ಲ, ಶಪಿಸಲಿಲ್ಲ. "ಹಲ್ಲು ಬರಾಕತ್ತಾವ" ಎಂದಳು.

ಅಂದು ದೊಡ್ಡವ್ವ ರಕ್ತ ಉಗುಳುತ್ತಲೇ ಎದ್ದು, ಬೋರಲು ಹರಿಗೋಲನ್ನು ಮಗುಚಿಸಿ, ಆ ತಾಯಿಯನ್ನು ಕೂರಿಸಿಕೊಂಡು ಹೊಳೆಯ ಕೆಳದಾರಿಯಲ್ಲಿ ಹೋದಳು. ದಂಡೆದಂಡೆಯ ಹಳ್ಳಿಗಳಲ್ಲಿ ಇಳಿದು ಕೇಳಿದರಂತೆ. ಒಂದು ಹಳ್ಳಿಯವರು ಗುರುತು ಸಿಗದ ಹೆಣಗಳನ್ನು ಹೂಳಿದ ಜಾಗ ತೋರಿಸಿದರು. ಯಾವ ಮಣ್ಣಿನ ಕೆಳಗೆ ಯಾರು ಎಂದು ಹೇಳುವವರಿರಲಿಲ್ಲ. ಇಬ್ಬರು ಹೆಂಗಸರೂ ಅಲ್ಲಿ ಸಂಜೆಯವರೆಗೆ ಕುಳಿತಿದ್ದರು ಎಂದು ಜೊತೆಗಿದ್ದ ಒಕ್ಕಣ್ಣಿನ ಅಂಬಿಗ ನನಗೆ ಹೇಳಿದ.

ಆ ಹೊಡೆತದ ಮೇಲೆ ದೊಡ್ಡವ್ವನ ಹೆಗಲಿನ ಗಾಯ ಮತ್ತೆ ಬಾಯಿ ತೆರೆಯಿತು, ಮಾಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಜ್ವರ ಹಿಡಿದು ಮಲಗಿದ್ದಾಳೆಂದು ತಿಳಿದು ನೋಡಲು ಹೋದೆ. ಗುಡಿಸಲಿನ ಬಾಗಿಲಿನಿಂದ ದಂಡೆ ಕಾಣುತ್ತಿತ್ತು. ಮೈ ಸುಡುತ್ತಿದ್ದರೂ ಬುದ್ಧಿ ತಿಳಿಯಾಗಿತ್ತು. ಉಳಿದವರನ್ನು ಹೊರಗೆ ಕಳಿಸಿ ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ತಂಗಿ, ನೀನು ಒಳಗಿದ್ದಿ. ಖರೇ ಹೇಳು. ಅವ ಹತ್ತಿದ್ರ ಮುಳುಗ್ತಿತ್ತೇನು?"

ತಾನು ಮಾಡಿದ್ದು ಸರಿಯೇ ಎಂದು ಆಕೆ ಯಾರನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಮಡಿಲಿಗೆ ಬಂದ ನೀರು, ಮೇಲೆ ಬಿದ್ದ ಅತ್ತೆಯ ಭಾರ, ಕಾಲ ಕೆಳಗೆ ವಾಲಿದ ತಳ ಎಲ್ಲ ನೆನಪಾದವು.

"ಮುಳುಗ್ತಿತ್ತು ದೊಡ್ಡವ್ವ," ಎಂದೆ. "ಅರ್ಧ ಮುಳುಗಿತ್ತು."

ಆಕೆ ಕಣ್ಣು ಮುಚ್ಚಿದಳು. ನಿದ್ದೆ ಹತ್ತಿತೆಂದುಕೊಂಡು ನಾನು ಏಳಲು ಹೋದಾಗ ನನ್ನ ಮಣಿಕಟ್ಟು ಹಿಡಿದಳು. ಆ ಕೈಯಲ್ಲಿ ಬಲ ಇನ್ನೂ ಇತ್ತು.

"ಅವ ಪಾಳಿ ಮುರದಾವಲ್ಲ ತಂಗಿ," ಎಂದಳು. "ಮುಂಜಾನಿಂದ ಕುಂತಿದ್ದ. ಮುಂದಿನ ಹರಗೋಲಿಗೆ ಮೊದಲನೇದಾಂವ ಅವನ ಇದ್ದ."

ಆ ವಾರವೇ ಆಕೆ ತೀರಿಕೊಂಡಳು. ಮಣ್ಣಿಗೆಂದು ದಂಡೆಗೆ ಹೋದಾಗ ಕೂಸನ್ನೂ ಕರೆದೊಯ್ದಿದ್ದೆ. ನನ್ನ ಮಗಳು ಅಂದು ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತು, ಹೊಳೆಯ ಉಸುಕಿನ ಮೇಲೆ ಹೆಜ್ಜೆ ಹಾಕಿದಳು.